ಅಮೆರಿಕದ ಪಾಪಾವೋ, ನಮ್ಮ ರಾಮಫಲವೋ? ಕೊಡಗಿನ ಹಿತ್ತಲಿಗೆ ಮರ ಆರಿಸುವವರಿಗೆ

ಓಹಾಯೋದಲ್ಲಿರುವ ಅಕ್ಕನ ಮಗನ ಮನೆಗೆ ನಾನು ಹೋಗಿದ್ದು ಸೆಪ್ಟೆಂಬರ್‌ನಲ್ಲಿ. ಅವನ ಹಿತ್ತಲಲ್ಲಿ ಎರಡು ಮರ ಇದ್ದವು. ನಮ್ಮ ಸೀತಾಫಲದ ಎಲೆಯನ್ನೇ ಯಾರೋ ಹಿಡಿದು ಎಳೆದು ಉದ್ದ ಮಾಡಿದ ಹಾಗೆ, ಗೇಣಿಗಿಂತ ಉದ್ದದ ಎಲೆಗಳು ಜೋತು ಬಿದ್ದಿದ್ದವು. ಅವುಗಳ ಮರೆಯಲ್ಲಿ ಸಣ್ಣ ಮಾವಿನಕಾಯಿಯಂಥ ಕಾಯಿ, ಎರಡು ಮೂರು ಒಂದೇ ತೊಟ್ಟಿಗೆ ಅಂಟಿಕೊಂಡು. ಹುಡುಗ ಒಂದನ್ನು ಕಿತ್ತು ಕೊಟ್ಟ. ಹೆಬ್ಬೆರಳಿಟ್ಟರೆ ಸಿಪ್ಪೆ ಕುಸಿಯಿತು. ಒಳಗೆ ಗಿಣ್ಣಿನಷ್ಟು ಮೆತ್ತಗಿನ ಹಳದಿ ತಿರುಳು, ಎರಡು ಸಾಲಲ್ಲಿ ಅವರೆಕಾಳಿಗಿಂತ ದೊಡ್ಡ ಕಂದು ಬೀಜ. ಚೆನ್ನಾಗಿ ಕಳಿತ ರಸಬಾಳೆಗೆ ಸ್ವಲ್ಪ ಮಾವು, ಸ್ವಲ್ಪ ರಾಮಫಲ ಕಿವುಚಿದ ಹಾಗಿತ್ತು ರುಚಿ. ಇದರ ಹೆಸರು ಪಾಪಾ ಅಂದ.

ವಾಪಸ್ ಬಂದು ಮನೆಯಲ್ಲಿ ಇದನ್ನು ಹೇಳಿದ್ದೇ ತಪ್ಪಾಯಿತು. ಅವತ್ತಿನಿಂದ ನೆಂಟರಿಷ್ಟರದ್ದೆಲ್ಲ ಒಂದೇ ಪ್ರಶ್ನೆ. "ಅಲ್ಲಿ ಹಿಮ ಬೀಳುತ್ತದಂತೆ, ಇಲ್ಲೂ ಚಳಿ ಇದೆ. ನಮ್ಮಲ್ಲಿ ಆಗಲ್ವಾ?" ಕೇಳಿದವರಿಗೆಲ್ಲ ತುಂಡು ತುಂಡಾಗಿ ಉತ್ತರ ಕೊಟ್ಟು ಸಾಕಾಗಿದೆ. ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಹೆಸರಿನ ಗೊಂದಲವನ್ನು ಮೊದಲೇ ಬಗೆಹರಿಸಬೇಕು. ಇಂಗ್ಲೆಂಡ್, ಆಸ್ಟ್ರೇಲಿಯಾ ಕಡೆ ಪಾಪಾ ಅಂದರೆ ನಮ್ಮ ಪರಂಗಿ ಹಣ್ಣು, ಅಂದರೆ ಪಪ್ಪಾಯಿ. ಅಮೆರಿಕದಲ್ಲಿ ಪಾಪಾ ಅಂದರೆ ಬೇರೆಯೇ ಮರ. ಸಸ್ಯಶಾಸ್ತ್ರದ ಹೆಸರು ಅಸಿಮಿನಾ ಟ್ರೈಲೋಬಾ. ಅದು ಸೀತಾಫಲ, ರಾಮಫಲದ ಕುಟುಂಬದ್ದು, ಪರಂಗಿಗೂ ಅದಕ್ಕೂ ಸಂಬಂಧವೇ ಇಲ್ಲ. ಈ ಗೊಂದಲಕ್ಕೆ ನಾನೂ ದುಡ್ಡು ಕೊಟ್ಟಿದ್ದೇನೆ. ಆನ್‌ಲೈನ್‌ನಲ್ಲಿ ಒಬ್ಬರು ಪಾಪಾ ಬೀಜ ಅಂತ ಮಾರುತ್ತಿದ್ದರು, ತರಿಸಿದೆ. ಪೊಟ್ಟಣ ಒಡೆದಾಗಲೇ ಗೊತ್ತಾಗಬೇಕಿತ್ತು. ಮೆಣಸಿನ ಕಾಳಿನಂಥ ಕಪ್ಪು ಬೀಜ. ಆಸೆ ಕಣ್ಣು ಕಟ್ಟುತ್ತದೆ ನೋಡಿ, ನೆಟ್ಟು ನೀರು ಹಾಕಿ ಕಾದೆ. ಮೂರು ವಾರಕ್ಕೆ ಚೆಂದದ ಪರಂಗಿ ಸಸಿಗಳು ಎದ್ದವು.

ಹಾಗಾಗಿ ಇಲ್ಲಿ ಹೋಲಿಸುತ್ತಿರುವುದು ಅಮೆರಿಕದ ಪಾಪಾ, ಆ ಹೆಸರನ್ನು ಹಂಚಿಕೊಂಡ ಪರಂಗಿ, ಆಮೇಲೆ ಪಾಪಾದ ನಮ್ಮೂರ ನೆಂಟರನ್ನು.

ಏನು ನೋಡಿ ಆರಿಸಬೇಕು

ನನಗೆ ಒಂದು ಅನುಕೂಲ ಇದೆ. ತವರು ಮಡಿಕೇರಿ ಹತ್ತಿರದ ಗಾಳಿಬೀಡಿನ ಕಡೆ. ನಾನಿರುವುದು ಸುಂಟಿಕೊಪ್ಪದ ಹತ್ತಿರ. ನಾದಿನಿ ಕುಶಾಲನಗರದಲ್ಲಿ ಮನೆ ಕಟ್ಟಿಸಿದ್ದಾಳೆ. ಈ ಮೂರೂ 40 ಕಿಲೋಮೀಟರ್ ಒಳಗೇ ಇವೆ. ಆದರೆ ಮೂರು ಬೇರೆ ಬೇರೆ ದೇಶ ಅನ್ನಬಹುದು. ಕೊಡಗಿನಲ್ಲಿ ಮಳೆ ಲೆಕ್ಕ ಇಂಚಿನಲ್ಲೇ ಅಲ್ವಾ. ಮಡಿಕೇರಿ ಸುತ್ತ 120 ಇಂಚು ದಾಟುವುದು ದೊಡ್ಡ ವಿಷಯವಲ್ಲ. ಕುಶಾಲನಗರಕ್ಕೆ ಅದರ ಅರ್ಧವೂ ಬರುವುದಿಲ್ಲ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಕುಶಾಲನಗರ 800 ಮೀಟರ್ ಚಿಲ್ಲರೆ. ಒಂದೇ ಜಾತಿಯ ಗಿಡವನ್ನು ಮೂರು ಕಡೆಯೂ ಹಾಕಿ, ಒಂದು ಕಡೆ ಕಾಯಿ, ಒಂದು ಕಡೆ ಬರೀ ಎಲೆ, ಇನ್ನೊಂದು ಕಡೆ ಒಣಗಿದ ಕಡ್ಡಿ ಆಗುವುದನ್ನು ನೋಡಿದ್ದೇನೆ.

ಅದರಿಂದ ಕಲಿತದ್ದು ಇಷ್ಟು. ಕೊಡಗಿನಲ್ಲಿ ಹಣ್ಣಿನ ಮರ ಆರಿಸುವಾಗ ಎಲ್ಲರೂ ಚಳಿ ಎಷ್ಟು ಅಂತ ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ್ದು, ಈ ಹಣ್ಣು ಯಾವ ತಿಂಗಳಲ್ಲಿ ಮಾಗುತ್ತದೆ ಅಂತ. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಬಲಿಯುವ ಹಣ್ಣಿಗೂ, ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆಯ ಹೊತ್ತಿಗೆ ಮಾಗುವ ಹಣ್ಣಿಗೂ ಅಜಗಜಾಂತರ.

ಎರಡನೆಯದು ಬೇರಿನ ಬುಡದಲ್ಲಿ ನೀರು ನಿಲ್ಲುತ್ತದಾ ಅನ್ನುವುದು. ಈ ಬಳಗದ ಹೆಚ್ಚಿನ ಮರಗಳಿಗೆ ನಿಂತ ನೀರು ಆಗುವುದಿಲ್ಲ. ಗದ್ದೆಗೆ ಹತ್ತಿದ ಹಿತ್ತಲಾದರೆ ದಿಬ್ಬ ಕಟ್ಟಬೇಕು. ಇಳಿಜಾರಾದರೆ ಒಳ್ಳೆಯದೇ, ಆದರೆ ಬರೆಯ, ಅಂದರೆ ಕಡಿದಾದ ಮಣ್ಣಿನ ದಂಡೆಯ, ಅಂಚಿಗೆ ಗುಂಡಿ ತೋಡಬೇಡಿ. 2018ರ ಆಗಸ್ಟ್‌ನ ಭೂಕುಸಿತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಪರಾಗಸ್ಪರ್ಶ. ಈ ಕುಟುಂಬದಲ್ಲಿ ಹೂವು ಮೊದಲು ಹೆಣ್ಣಾಗಿ ಅರಳುತ್ತದೆ, ಆಮೇಲೆ ಗಂಡಾಗುತ್ತದೆ. ಎರಡೂ ಹೊತ್ತು ಕೂಡಿ ಬರುವುದಿಲ್ಲ. ಹೂ ತುಂಬಾ ಬಿಟ್ಟು ಕಾಯಿ ನಾಲ್ಕೇ ಹಿಡಿಯುವುದು ಇದಕ್ಕೇ. ಬೆಳಿಗ್ಗೆ ಎದ್ದು ಬ್ರಶ್ ಹಿಡಿಯುವ ತಾಳ್ಮೆ ಇದೆಯಾ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಉಳಿದವು ಎಲ್ಲರಿಗೂ ಗೊತ್ತಿರುವಂಥವೇ. ಜಾಗ ಎಷ್ಟು, ಎಷ್ಟು ವರ್ಷ ಕಾಯಬಹುದು, ಗಿಡಕ್ಕೆ ಎಷ್ಟು ಖರ್ಚು ಮಾಡುತ್ತೀರಿ, ಮಂಗ, ಅಳಿಲು, ಬಾವಲಿಗಳಿಗೆ ಎಷ್ಟು ಪಾಲು ಬಿಡುತ್ತೀರಿ.

ಅಮೆರಿಕದ ಪಾಪಾ

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಮರ ಚಿಕ್ಕದು, 15ರಿಂದ 30 ಅಡಿ. ಸ್ವಲ್ಪ ಹುಳಿ ಮಣ್ಣು ಅದಕ್ಕೆ ಆಗುತ್ತದೆ, ನಮ್ಮ ಮಣ್ಣೂ ಹುಳಿಯೇ. ಎಳೆಯ ಸಸಿಗೆ ನೆರಳು ಬೇಕು, ಕಾಫಿ ತೋಟದಲ್ಲಿ ನೆರಳಿಗೆ ಬರವೇ? ಎಲೆಯನ್ನು ದನ ಆಡು ಮುಟ್ಟುವುದಿಲ್ಲ. ಇಷ್ಟು ಕೇಳಿದರೆ ನಮಗೇ ಹೇಳಿ ಮಾಡಿಸಿದ ಮರ ಅನ್ನಿಸುತ್ತದೆ.

ತೊಡಕು ಚಳಿಗಾಲದ್ದು. ಇದು ಎಲೆ ಉದುರಿಸಿ ನಿದ್ದೆ ಹೋಗುವ ಮರ. ಸೊನ್ನೆಗಿಂತ 25 ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತದೆ. ತಡೆಯುವುದಷ್ಟೇ ಅಲ್ಲ, ಅದಕ್ಕೆ ಚಳಿ ಬೇಕೇ ಬೇಕು. ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಗಬೇಕು, ಸಾಮಾನ್ಯವಾಗಿ 400 ಗಂಟೆಯ ಲೆಕ್ಕ ಹೇಳುತ್ತಾರೆ. ಆಗ ಮಾತ್ರ ವಸಂತದಲ್ಲಿ ಮೊಗ್ಗು ಸರಿಯಾಗಿ ಒಡೆಯುತ್ತದೆ. ಮಡಿಕೇರಿಯಲ್ಲಿ ಜನವರಿಯ ರಾತ್ರಿ 10-12 ಡಿಗ್ರಿ ಅಂದರೆ ನಾವು ಕಂಬಳಿ ಹೊದ್ದು ಒಲೆ ಬಿಟ್ಟು ಏಳುವುದಿಲ್ಲ. ಪಾಪಾಕ್ಕೆ ಅದು ಬೇಸಿಗೆಯ ಬೆಳಗಿನ ತಂಪು. ನಿದ್ದೆಯೇ ಬಾರದ ಮರ ಏಳುವುದೆಲ್ಲಿಂದ? ಚಿಗುರು ತಡವಾಗಿ, ಅಲ್ಲೊಂದು ಇಲ್ಲೊಂದು ಬರುತ್ತದೆ. ಹೂವಿನ ಆಸೆ ಬಿಡಬೇಕು.

ಬೀಜಕ್ಕೂ ಇದೇ ಗೀಳು. ಒದ್ದೆ ಪಾಚಿಯಲ್ಲಿ ಸುತ್ತಿ ಮೂರು ನಾಲ್ಕು ತಿಂಗಳು ಫ್ರಿಜ್‌ನಲ್ಲಿಟ್ಟರೆ ಮಾತ್ರ ಮೊಳೆಯುತ್ತದೆ. ಒಣಗಿದರೆ ಸತ್ತಿತು. ಹಾಗಾಗಿ ಪೊಟ್ಟಣದಲ್ಲಿ ಒಣ ಬೀಜ ಮಾರುವವರನ್ನು ನಂಬಬೇಡಿ. ಬೀಜವನ್ನೇನೋ ಫ್ರಿಜ್‌ನಲ್ಲಿಡಬಹುದು, ಪ್ರತಿ ವರ್ಷ ಮರವನ್ನು ಎಲ್ಲಿಡುತ್ತೀರಿ?

ಇಷ್ಟಾದ ಮೇಲೂ ಒಂದೇ ಮರ ಸಾಲದು. ತನ್ನದೇ ಪರಾಗಕ್ಕೆ ಕಾಯಿ ಕಚ್ಚುವುದು ಕಡಿಮೆ, ತಳಿಯಲ್ಲಿ ಬೇರೆಯಾದ ಇನ್ನೊಂದು ಮರ ಪಕ್ಕದಲ್ಲಿರಬೇಕು. ಹೂವು ಕಂದುಗೆಂಪು, ವಾಸನೆಯೂ ಅಷ್ಟಕ್ಕಷ್ಟೇ. ಜೇನು ಹತ್ತಿರ ಸುಳಿಯುವುದಿಲ್ಲ, ನೊಣ ಮತ್ತು ದುಂಬಿಗಳೇ ಗತಿ. ನೊಣ ಕರೆಯಲು ಅಲ್ಲಿ ಕೆಲವರು ಮರಕ್ಕೆ ಕೊಳೆತ ಮಾಂಸ ಕಟ್ಟುತ್ತಾರೆ. ನಮ್ಮ ಮನೆಯ ನಾಯಿಗಳ ಎದುರು ಆ ಪ್ರಯೋಗ ನಡೆಯುವುದಿಲ್ಲ. ಬೀಜದ ಗಿಡ ಫಲಕ್ಕೆ ಬರಲು 5ರಿಂದ 8 ವರ್ಷ, ಕಸಿ ಗಿಡಕ್ಕೆ 3-4 ವರ್ಷ. ಹಣ್ಣು ಕಿತ್ತ ಮೇಲೆ ಹೊರಗೆ ಎರಡು ಮೂರು ದಿನ ಇದ್ದರೆ ಹೆಚ್ಚು. ಅಮೆರಿಕದ ಅಂಗಡಿಗಳಲ್ಲೇ ಇದು ಅಪರೂಪ ಆಗಿರುವುದು ಇದಕ್ಕೇ.

ಹೊರಗಿನಿಂದ ತರಿಸುತ್ತೇನೆ ಅನ್ನುವವರಿಗೆ ಒಂದು ಮಾತು. ಬೀಜವಿರಲಿ ಗಿಡವಿರಲಿ, ವಿದೇಶದಿಂದ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎಲ್ಲ ಬೇಕು. ಅಕ್ಕನ ಮಗ ನಾಲ್ಕು ಬೀಜ ಕರವಸ್ತ್ರದಲ್ಲಿ ಕಟ್ಟಿಕೊಡಲು ಬಂದಿದ್ದ. ಬೇಡ ಅಂದೆ. ಕಾಫಿ ಬೆಳೆಯುವ ಜಿಲ್ಲೆಗೆ ಹೊರಗಿನ ರೋಗ ಹೊತ್ತು ತರುವ ಪಾಪ ನನಗೆ ಬೇಡ.

ಆ ದೇಶದವರು ಇದನ್ನು ಬೆಳೆಸಿದ ರೀತಿ ಮಾತ್ರ ಮೆಚ್ಚಬೇಕು. ಕೆಂಟಕಿ ಸ್ಟೇಟ್ ಯೂನಿವರ್ಸಿಟಿಯಲ್ಲಿ ಇದಕ್ಕೇ ಅಂತ ಸಂಶೋಧನೆ ನಡೆಯುತ್ತಿದೆ. ನೀಲ್ ಪೀಟರ್ಸನ್ ಅನ್ನುವವರು ಹಲವು ವರ್ಷ ಆರಿಸಿ ಆರಿಸಿ ಒಳ್ಳೆಯ ತಳಿಗಳನ್ನು ತಂದು, ಅವಕ್ಕೆ ನದಿಗಳ ಹೆಸರಿಟ್ಟರು. ಸಸ್ಕ್ವೆಹಾನಾ, ಶೆನಾಂಡೋವಾ ಹೀಗೆ. ನಮ್ಮ ಚೆಟ್ಟಳ್ಳಿಯ ತೋಟಗಾರಿಕೆ ಕೇಂದ್ರದ ಪ್ಯಾಶನ್ ಫ್ರೂಟ್ ತಳಿಗೂ ಕಾವೇರಿ ಅಂತಲೇ ಹೆಸರು. ನೀರಿನ ಪಕ್ಕ ಇರುವವರ ಬುದ್ಧಿ ಎಲ್ಲ ಕಡೆ ಒಂದೇ ಥರ.

ನನ್ನ ತೀರ್ಮಾನ: ಕೊಡಗಿನಲ್ಲಿ ಹಣ್ಣಿಗಾಗಿ ಪಾಪಾ ಹಾಕಬೇಡಿ.

ಪರಂಗಿ, ಅವಸರ ಇರುವವರಿಗೆ

ಹೆಸರಿನ ಪಾಪಾ ಇದು. ನೆಟ್ಟ ಒಂಬತ್ತು ಹತ್ತು ತಿಂಗಳಿಗೆ ಹಣ್ಣು. ಬೇರೆ ಯಾವ ಮರವೂ ಇಷ್ಟು ಬೇಗ ಕೈ ಹಿಡಿಯುವುದಿಲ್ಲ. ಅದರಲ್ಲೂ ನಮ್ಮ ಜಿಲ್ಲೆಗೇ ಸೇರಿದ ತಳಿ ಒಂದಿದೆ. ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದಲ್ಲಿ ಆರಿಸಿದ ಕೂರ್ಗ್ ಹನಿ ಡ್ಯೂ. ಇದರಲ್ಲಿ ಗಂಡು ಗಿಡ ಬರುವುದಿಲ್ಲ, ಎಲ್ಲವೂ ಕಾಯಿ ಬಿಡುತ್ತವೆ. ಬೇರೆ ಎಷ್ಟೋ ತಳಿಗಳಲ್ಲಿ ಹೂ ಬಿಡುವವರೆಗೆ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಅದಕ್ಕೇ ಹಿರಿಯರು ಒಂದು ಗುಂಡಿಗೆ ಮೂರು ಸಸಿ ಹಾಕಿ, ಹೂ ನೋಡಿ ಒಂದನ್ನು ಉಳಿಸುತ್ತಿದ್ದರು.

ಕೆಟ್ಟದ್ದು ಜುಲೈ. ಒಂದು ವರ್ಷ ನಾನು ಮೇ ಕೊನೆಯಲ್ಲಿ ಆರು ಗಿಡ ನೆಟ್ಟೆ, ಅಂಗಳಕ್ಕಿಂತ ಅರ್ಧ ಅಡಿ ತಗ್ಗಿನ ಜಾಗದಲ್ಲಿ. ಜುಲೈ ಎರಡನೇ ವಾರ ನಾಲ್ಕು ದಿನ ಬಿಡದೆ ಹೊಯ್ಯಿತು. ಐದನೇ ದಿನ ನೋಡಿದರೆ ಕೆಳಗಿನ ಎಲೆ ಹಳದಿ, ಬುಡ ಕಪ್ಪಗೆ ನೆನೆದ ಬಟ್ಟೆಯಂತೆ. ಬೆರಳಿಂದ ತಳ್ಳಿದರೆ ಗಿಡ ಅಡ್ಡ ಬಿತ್ತು. ಆರೂ ಹೋದವು. ಬುಡ ಕೊಳೆಯುವ ರೋಗಕ್ಕೆ ಮದ್ದು ಹುಡುಕುವುದಕ್ಕಿಂತ ಜಾಗ ಬದಲಿಸುವುದೇ ವಾಸಿ. ಎರಡು ಅಡಿ ಎತ್ತರದ ದಿಬ್ಬ, ಸುತ್ತ ಕಾಲುವೆ, ನೆಡುವುದು ಮಳೆ ಇಳಿದ ಮೇಲೆ. ಮುಂದಿನ ಮಳೆಗಾಲಕ್ಕೆ ಕಾಂಡ ಗಟ್ಟಿಯಾಗಿರುತ್ತದೆ.

ಎಲೆ ಸುಕ್ಕುಗಟ್ಟಿ, ಕಾಯಿಯ ಮೇಲೆ ಉಂಗುರದ ಗುರುತು ಬಂದರೆ ಅದು ವೈರಸ್. ಸಸ್ಯಹೇನು ಹರಡುತ್ತದೆ, ಔಷಧಿ ಇಲ್ಲ, ಕಿತ್ತು ಸುಡಬೇಕು. ಮೂರು ನಾಲ್ಕು ವರ್ಷಕ್ಕೆ ಹೇಗೂ ಗಿಡ ಬದಲಿಸುವುದು ಒಳ್ಳೆಯದು. ಖರ್ಚು ಅಂತ ಹೇಳುವಷ್ಟೇನೂ ಇಲ್ಲ.

ಸೀತಾಫಲ ಮತ್ತು ಅರ್ಕಾ ಸಹನ್

ಸೀತಾಫಲ ಬಯಲುಸೀಮೆಯ ಜೀವ. ಕಲ್ಲು ಗುಡ್ಡದಲ್ಲಿ ತಾನಾಗಿ ಬೆಳೆಯುತ್ತದೆ. ಹಣ್ಣಾಗುವುದು ಆಗಸ್ಟ್‌ನಿಂದ ನವೆಂಬರ್. ಈಗ ಕ್ಯಾಲೆಂಡರ್ ಪಕ್ಕ ಇಟ್ಟು ನೋಡಿ. ಕುಶಾಲನಗರದಲ್ಲಿ ಆ ಹೊತ್ತಿಗೆ ಬಿಸಿಲು ಬರುತ್ತಾ ಹೋಗುತ್ತದೆ. ನಾದಿನಿಯ ಮನೆ ಮುಂದಿನ ಮರದಲ್ಲಿ ಗಣೇಶ ಹಬ್ಬ ಕಳೆದ ಮೇಲೆ ಒಳ್ಳೆಯ ಹಣ್ಣು. ಗಾಳಿಬೀಡಿನಲ್ಲಿ ಆಗಸ್ಟ್ ಅಂದರೆ ಕೊಡೆ ಒಣಗದ ತಿಂಗಳು. ಅಮ್ಮ ನೆಟ್ಟ ಸೀತಾಫಲದಲ್ಲಿ ಕಾಯಿ ನಿಂಬೆ ಗಾತ್ರಕ್ಕೆ ಬಂದು ಕಪ್ಪಾಗಿ, ಕಲ್ಲಿನಂತೆ ಒಣಗಿ ಕೊಂಬೆಯಲ್ಲೇ ನಿಲ್ಲುತ್ತಿತ್ತು. ಹತ್ತು ವರ್ಷ ಹಾಗೇ ಇತ್ತು. ಕೊನೆಗೆ ಅಮ್ಮ ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದಳು.

ಸುಂಟಿಕೊಪ್ಪ, ಸೋಮವಾರಪೇಟೆಯ ಪೂರ್ವ, ಶನಿವಾರಸಂತೆ, ಕುಶಾಲನಗರ ಕಡೆಯವರಾದರೆ ಸೀತಾಫಲ ಹಾಕಿ. ಬರೀ ಸೀತಾಫಲಕ್ಕಿಂತ ಅರ್ಕಾ ಸಹನ್ ನೋಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ. ಬೀಜ ಕಡಿಮೆ, ತಿರುಳು ಜಾಸ್ತಿ, ಸಿಹಿ ಸ್ವಲ್ಪ ಅತಿ ಅನ್ನಿಸುವಷ್ಟು. ಕಿತ್ತ ಮೇಲೆ ಸೀತಾಫಲದಂತೆ ರಾತ್ರೋರಾತ್ರಿ ಕರಗುವುದಿಲ್ಲ, ನಿಧಾನವಾಗಿ ಹಣ್ಣಾಗುತ್ತದೆ. ಓಹಾಯೋದ ಆ ಹಣ್ಣಿನ ತಿರುಳಿಗೆ ನನ್ನ ಬಾಯಿಗೆ ತೀರ ಹತ್ತಿರ ಬಂದದ್ದು ಇದೇ. ಇದರ ವಂಶದಲ್ಲಿ ಅಟೆಮೋಯಾ ಇದೆ. ಅಟೆಮೋಯಾ ಅಂದರೆ ಸೀತಾಫಲಕ್ಕೂ ಅದರ ನೆಂಟ ಚೆರಿಮೋಯಾಕ್ಕೂ ಮಾಡಿದ ಸಂಕರ, 1908ರಲ್ಲಿ ಫ್ಲೋರಿಡಾದಲ್ಲಿ ಶುರುವಾದದ್ದು.

ಇದಕ್ಕೆ ಕೈ ಪರಾಗಸ್ಪರ್ಶ ಬೇಕಾಗುತ್ತದೆ. ಹೆದರುವಂಥದ್ದೇನಲ್ಲ. ನಾನು ಮಗಳ ಶಾಲೆಯ ಬಣ್ಣದ ಡಬ್ಬಿಯಿಂದ ಸಣ್ಣ ಬ್ರಶ್ ಎತ್ತಿಕೊಂಡೆ. ಬೆಳಿಗ್ಗೆ ಆರೂವರೆಗೆ ಮಾಮೂಲಿ ಸೀತಾಫಲದ ಮರದಲ್ಲಿ ಪೂರ್ತಿ ಬಿಚ್ಚಿದ ಹೂ ಹುಡುಕಬೇಕು. ಒಳಗಿನ ಪುಟ್ಟ ಉಂಡೆ ಬಿರಿದು ಕೆನೆ ಬಣ್ಣದ ಪುಡಿ ಉದುರುತ್ತಿರುತ್ತದೆ. ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ತಟ್ಟಿಕೊಂಡು, ಅರ್ಕಾ ಸಹನ್‌ನಲ್ಲಿ ಆಗ ತಾನೇ ದಳ ಸ್ವಲ್ಪ ಬಿಟ್ಟುಕೊಂಡ ಹೂವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಒಳಗಿನ ಅಂಟಂಟು ತುದಿಗೆ ಬ್ರಶ್ ಒಂದು ಸುತ್ತು ತಿರುಗಿಸುವುದು. ಅಷ್ಟೇ. ಹತ್ತು ಹೂವಿಗೆ ಕಾಲು ಗಂಟೆ ಸಾಕು. ಕಾಯಿ ಹಿಡಿದದ್ದಕ್ಕೆ ನೂಲು ಕಟ್ಟಿ ಗುರುತು ಮಾಡಿದೆ. ಹೀಗೆ ಕೈ ಹಾಕಿದ ಹೂವಿನ ಕಾಯಿಗಳು ದುಂಡಗೆ ಬಂದವು. ದುಂಬಿಗೆ ಬಿಟ್ಟವು ಸೊಟ್ಟ.

ಇಷ್ಟು ಪುರುಸೊತ್ತು ಇಲ್ಲದವರು ಇದಕ್ಕೆ ಕೈ ಹಾಕಬೇಡಿ. ಪರಾಗಕ್ಕೆ ಅಂತ ಪಕ್ಕದಲ್ಲಿ ಒಂದು ಮಾಮೂಲಿ ಸೀತಾಫಲವೂ ಬೇಕು, ಅಂದರೆ ಎರಡು ಮರದ ಜಾಗ. ಕಸಿ ಗಿಡಕ್ಕೆ ಬೀಜದ ಗಿಡದ ಹಲವು ಪಟ್ಟು ಬೆಲೆ. ಹೊಸ ಚಿಗುರಿನಲ್ಲಿ ಹೂ ಬರುವುದರಿಂದ ಎಲೆ ಉದುರಿದ ಮೇಲೆ ಫೆಬ್ರವರಿಯಲ್ಲಿ ಕೊಂಬೆ ಸವರಬೇಕು. ಹಿಟ್ಟು ತಿಗಣೆ ಮೇಲೂ ಒಂದು ಕಣ್ಣಿರಲಿ.

ರಾಮಫಲ

ಈ ಮರಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಸೀತಾಫಲದ ಎದುರು ಸಪ್ಪೆ ಅನ್ನುತ್ತಾರೆ. ಬೀಜದ ಹತ್ತಿರ ಸ್ವಲ್ಪ ಮರಳು ಮರಳು, ನಿಜ. ಆದರೆ ಮಾಗುವ ಕಾಲ ನೋಡಿ. ಫೆಬ್ರವರಿಯಿಂದ ಏಪ್ರಿಲ್. ಕೊಡಗಿನ ವರ್ಷದಲ್ಲಿ ಆಕಾಶ ಸುಮ್ಮನಿರುವ ತಿಂಗಳುಗಳೇ ಅವು. ಹೂ ಮಳೆ ಒಂದೆರಡು ಬಿದ್ದರೂ ಹಣ್ಣಿಗೆ ಏನೂ ಆಗುವುದಿಲ್ಲ. ಗಾಳಿಬೀಡಿನಲ್ಲಿ ಸೀತಾಫಲ ಕಲ್ಲಾದ ಅದೇ ಹಿತ್ತಲಲ್ಲಿ ಹತ್ತು ಮಾರು ಆಚೆ ರಾಮಫಲದ ಮರ ಕೆಂಪು ಕೆಂಪಾಗಿ ತೂಗುತ್ತದೆ. ಯಾರೂ ಪರಾಗ ಹಾಕಲಿಲ್ಲ, ಗೊಬ್ಬರವೂ ಅಷ್ಟಕ್ಕಷ್ಟೇ. ಕೊಟ್ಟಿಗೆ ಗೊಬ್ಬರ ಎರಡು ಬುಟ್ಟಿ, ಬುಡಕ್ಕೆ ತರಗೆಲೆ.

ಸಂಪೂರ್ಣ ಹಣ್ಣಾಗಲು ಬಿಟ್ಟು ತಿಂದರೆ ಸಪ್ಪೆ ಅನ್ನುವ ಮಾತು ನಿಲ್ಲುತ್ತದೆ. ನಾವು ಮಾಡುವ ತಪ್ಪು, ಮಂಗನ ಹೆದರಿಕೆಗೆ ಹಸಿರಿರುವಾಗಲೇ ಕೊಯ್ದು ಅಕ್ಕಿ ಡಬ್ಬಿಯಲ್ಲಿಡುವುದು. ಕೆಂಪು ತಿರುಗಿದ ಮೇಲೆ ಕಿತ್ತು ಎರಡು ದಿನ ಇಡಿ. ಆಮೇಲೆ ತಿರುಳು ಸೋಸಿ, ಹಾಲು, ಚೂರು ಏಲಕ್ಕಿ ಹಾಕಿ ಕುಡಿದು ನೋಡಿ. ಏಲಕ್ಕಿ ಹೇಗೂ ಮನೆಯದ್ದೇ ಇರುತ್ತದಲ್ಲ.

ಮರ 20-30 ಅಡಿ ಏರುತ್ತದೆ, ಆದ್ದರಿಂದ ಸಣ್ಣ ಸೈಟಿಗೆ ಸರಿಯಲ್ಲ. ಬೀಜದಿಂದ ನಾಲ್ಕೈದು ವರ್ಷ ಹಿಡಿಯುತ್ತದೆ. ಖರ್ಚು ಸೊನ್ನೆ, ಪಕ್ಕದ ಮನೆಯವರು ಉಗಿದ ಬೀಜ ಸಾಕು. ಇನ್ನೊಂದು ಉಪಯೋಗವಿದೆ. ಸೀತಾಫಲ, ಅಟೆಮೋಯಾ ಕಸಿ ಮಾಡಲು ರಾಮಫಲದ ಸಸಿಯನ್ನೇ ಬೇರುಗಿಡವಾಗಿ ಬಳಸುತ್ತಾರೆ. ನಾಲ್ಕು ಸಸಿ ಹೆಚ್ಚೇ ಎಬ್ಬಿಸಿಟ್ಟರೆ, ಮುಂದೆ ಕಸಿ ಕಟ್ಟುವವರು ಸಿಕ್ಕಾಗ ಕೆಲಸಕ್ಕೆ ಬರುತ್ತದೆ.

ಲಕ್ಷ್ಮಣಫಲ, ಹನುಮಫಲ ಮತ್ತು ಇತರರು

ಲಕ್ಷ್ಮಣಫಲಕ್ಕೆ ಮುಳ್ಳು ರಾಮಫಲ ಅಂತಲೂ ಹೆಸರು. ಒಂದೊಂದು ಹಣ್ಣು ಕಿಲೋ ದಾಟುತ್ತದೆ. ಹುಳಿ ಸಿಹಿ, ಬಿಳಿ ತಿರುಳು, ಜ್ಯೂಸಿಗೆ ಇದರಷ್ಟು ಚೆನ್ನಾದದ್ದು ಇನ್ನೊಂದಿಲ್ಲ. ಹೋಮ್‌ಸ್ಟೇ ನಡೆಸುವವರು ಇದನ್ನು ಹಾಕಬೇಕು, ಕಾಂಡಕ್ಕೇ ಅಂಟಿಕೊಂಡ ಮುಳ್ಳು ಕಾಯಿ ನೋಡಿ ಬಂದವರೆಲ್ಲ ಫೋನ್ ಹೊರತೆಗೆಯುತ್ತಾರೆ. ತೇವ ಇದ್ದರೆ ಇದಕ್ಕೆ ಬೇಸರವಿಲ್ಲ. ಚಳಿ ಗಾಳಿ ಎರಡೂ ಆಗದು. ಸಿದ್ದಾಪುರ, ಗೋಣಿಕೊಪ್ಪ, ಕುಶಾಲನಗರದಂಥ ತಗ್ಗಿನ ಕಡೆ ಚೆನ್ನಾಗಿ ಬರುತ್ತದೆ. ಹೆಸರಲ್ಲೇ ಗಾಳಿ ಇರುವ ನನ್ನ ತವರಿನಲ್ಲಿ ಐದು ವರ್ಷಕ್ಕೆ ಸೊಂಟದೆತ್ತರ ಆಗಿ ಕೂತಿದೆ.

ಎಲೆಯ ಕಷಾಯ ಕ್ಯಾನ್ಸರ್ ವಾಸಿ ಮಾಡುತ್ತದೆ ಅಂತ ಮೊಬೈಲಿನಲ್ಲಿ ಹರಿದಾಡುವುದನ್ನು ನಂಬಿ ಗಿಡ ನೆಡಬೇಡಿ. ಮನುಷ್ಯರಲ್ಲಿ ಅದು ಸಾಬೀತಾಗಿಲ್ಲ. ಬದಲಿಗೆ ಈ ಕುಟುಂಬದ ಬೀಜ, ಎಲೆಗಳಲ್ಲಿ ನರಕ್ಕೆ ಹಾನಿ ಮಾಡಬಲ್ಲ ಅಂಶ ಇದೆ. ಪಾಪಾದಲ್ಲೂ ಇದೆ. ಹಣ್ಣನ್ನು ಹಣ್ಣಾಗಿ ತಿನ್ನಿ, ಬೀಜ ಉಗಿಯಿರಿ. ಹೇನಿಗೆ ಸೀತಾಫಲದ ಬೀಜ ಅರೆದು ಹಚ್ಚುವ ಮನೆಗಳು ಇನ್ನೂ ಇವೆ. ಆ ಪುಡಿ ಕಣ್ಣಿಗೆ ಹೋದರೆ ಕಣ್ಣೇ ಕೆಡುತ್ತದೆ, ಮಕ್ಕಳ ತಲೆಗಂತೂ ಬೇಡ.

ಹನುಮಫಲ ಅಂತ ಕೆಲವರು ಕರೆಯುವ ಚೆರಿಮೋಯಾ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಕಣಿವೆಗಳದ್ದು. ಮಡಿಕೇರಿಯ ತಂಪು ಅದಕ್ಕೆ ಇಷ್ಟವಾದೀತು. ಮಳೆ ಇಷ್ಟವಾಗದು. ಕೈ ಪರಾಗಸ್ಪರ್ಶವೂ ಬೇಕು. ಸೋಮವಾರಪೇಟೆಯ ಎತ್ತರದ, ಮಳೆ ಕಡಿಮೆ ಇರುವ ಪೂರ್ವದ ಇಳಿಜಾರಿನಲ್ಲಿ ಜಾಗ ಇರುವವರು, ಪ್ರಯೋಗ ಮಾಡುವ ಹುಚ್ಚಿದ್ದರೆ, ಒಂದು ಕಸಿ ಗಿಡ ಹಾಕಿ ನೋಡಬಹುದು. ಕಳೆದುಕೊಳ್ಳಲು ಸಿದ್ಧವಿರುವಷ್ಟೇ ದುಡ್ಡು ಹಾಕಿ.

ಇದೇ ಕುಟುಂಬದ ರೊಲಿನಿಯಾ ಅಮೆಜಾನಿನದು, ಮಳೆ ಅಂದರೆ ಪ್ರಾಣ. ಮೂರು ನಾಲ್ಕು ವರ್ಷಕ್ಕೆ ಹಣ್ಣು. ಮುಟ್ಟಿದರೆ ಕಪ್ಪಾಗುತ್ತದೆ, ಹಾಗಾಗಿ ಮರದ ಕೆಳಗೇ ನಿಂತು ತಿನ್ನುವವರಿಗೆ. ತಗ್ಗು ಪ್ರದೇಶಕ್ಕೆ ಮಾತ್ರ.

ಬಟರ್ ಫ್ರೂಟ್ ಬಗ್ಗೆಯೂ ಕೇಳುತ್ತಾರೆ. ಮಾರಿ ದುಡ್ಡು ಮಾಡುವ ಯೋಚನೆ ಇದ್ದರೆ ಈ ಬರಹವನ್ನೇ ಬದಿಗಿಟ್ಟು ಅದನ್ನು ಹಾಕಿ. ಚೆಟ್ಟಳ್ಳಿಯಲ್ಲಿ ಅದಕ್ಕೆ ಒಳ್ಳೆಯ ತಳಿಗಳಿವೆ. ಈ ಬಳಗದ ಮೆತ್ತಗಿನ ಹಣ್ಣುಗಳನ್ನು ಸಂತೆಗೆ ಒಯ್ಯುವಷ್ಟರಲ್ಲಿ ಅರ್ಧ ಪಾಯಸ ಆಗಿರುತ್ತದೆ.

ಯಾರಿಗೆ ಯಾವುದು

ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯ ಜಡಿಮಳೆಯ ಊರಿನವರು ಕಣ್ಣು ಮುಚ್ಚಿ ರಾಮಫಲ ನೆಡಿ. ಜೊತೆಗೆ ದಿಬ್ಬದ ಮೇಲೆ ಎರಡು ಪರಂಗಿ, ರಾಮಫಲ ಬೆಳೆಯುವವರೆಗೆ ಬಾಯಿಗೆ ಏನಾದರೂ ಬೇಕಲ್ಲ.

ಕುಶಾಲನಗರದಲ್ಲಿ 30-40 ಸೈಟಿನಲ್ಲಿ ಮನೆ ಕಟ್ಟಿ, ಕಾಂಪೌಂಡಿನ ಪಕ್ಕ ಒಂದೇ ಒಂದು ಗುಂಡಿಯ ಜಾಗ ಉಳಿದಿದೆ ಅನ್ನುವವರಿಗೆ ಸೀತಾಫಲ. ಸವರಿ ಎಂಟು ಅಡಿಗೆ ನಿಲ್ಲಿಸಬಹುದು. ಜಾಗ ಎರಡು ಮರದ್ದು, ಬೆಳಗಿನ ಕಾಲು ಗಂಟೆ ನಿಮ್ಮದು, ಕಸಿ ಗಿಡಕ್ಕೆ ದುಡ್ಡೂ ಇದೆ ಅಂದರೆ ಅರ್ಕಾ ಸಹನ್.

ನಾನಿರುವಂಥ ನಡುಸೀಮೆಯವರಿಗೆ ಆಯ್ಕೆ ಸ್ವಲ್ಪ ಕಷ್ಟ. ಇಲ್ಲಿ ಸೀತಾಫಲ ಮೂರು ವರ್ಷಕ್ಕೆ ಒಂದು ವರ್ಷ ಚೆನ್ನಾಗಿ ಬರುತ್ತದೆ, ಮಳೆ ಬೇಗ ಇಳಿದ ವರ್ಷ. ಉಳಿದ ಎರಡು ವರ್ಷ ಅಳಿಲಿಗೆ. ಆ ಒಂದು ವರ್ಷಕ್ಕಾಗಿ ನಾನು ಮರ ಉಳಿಸಿಕೊಂಡಿದ್ದೇನೆ. ನೀವೂ ಹಾಗೇ ಮಾಡಿ ಅನ್ನಲಾರೆ.

ಇನ್ನೊಂದು ಲೆಕ್ಕ ಯಾರೂ ಹಾಕುವುದಿಲ್ಲ. ತಿನ್ನುವವರು ಮನೆಗೆ ಬರುವುದು ಯಾವಾಗ? ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು, ಪುತ್ತರಿ ಸುಗ್ಗಿ ಹಬ್ಬಕ್ಕೋ ಡಿಸೆಂಬರ್ ರಜೆಗೋ ಬರುವವರಾದರೆ ಆಗ ಮರದಲ್ಲಿ ಇರುವುದು ಪರಂಗಿ ಮಾತ್ರ. ಮೊಮ್ಮಕ್ಕಳು ಏಪ್ರಿಲ್ ರಜೆಗೆ ಬರುತ್ತಾರಾ, ರಾಮಫಲ ಕಾಯುತ್ತಿರುತ್ತದೆ. ಆಗಸ್ಟ್‌ನಲ್ಲಿ ಯಾರೂ ಬರುವುದಿಲ್ಲ, ಬಂದರೂ ಕಕ್ಕಡದಲ್ಲಿ ಮಾಡುವ ಮದ್ದು ಸೊಪ್ಪಿನ ಪಾಯಸ ತಿನ್ನಲು.

ನೆಡುವ ಕೆಲಸ ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ. ಏಪ್ರಿಲ್‌ನಲ್ಲಿ ಎರಡು ಅಡಿ ಆಳ ಅಗಲದ ಗುಂಡಿ, ಬಿಸಿಲಿಗೆ ಬಿಟ್ಟು, ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಸುಣ್ಣ. ಕುಶಾಲನಗರದ ಕಡೆ ಮೊದಲ ಮಳೆಗೇ ನೆಡಿ. ಮಡಿಕೇರಿ ಕಡೆ ಅವಸರ ಬೇಡ, ಮಳೆಯ ಅಬ್ಬರ ಇಳಿದ ಸೆಪ್ಟೆಂಬರ್‌ನಲ್ಲಿ ನೆಟ್ಟು, ಬೇಸಿಗೆಯಲ್ಲಿ ವಾರಕ್ಕೆರಡು ಸಲ ನೀರು ಕೊಡಿ. ಗುಂಡಿ ತುಂಬಿದ ಮೇಲೆ ನೆಲಕ್ಕಿಂತ ಒಂದು ಅಡಿ ಮೇಲೇಳಬೇಕು, ಮಣ್ಣು ಕೂತಾಗ ತಗ್ಗಾಗುವುದಿಲ್ಲ. ಸಿಲ್ವರ್ ಓಕ್ ಮರದ ದಟ್ಟ ನೆರಳಿನಲ್ಲಿ ಹಾಕಿದರೆ ಎಲೆ ಚೆನ್ನಾಗಿರುತ್ತದೆ, ಹೂ ಇರುವುದಿಲ್ಲ. ಮರಗಸಿ ಮಾಡಿಸುವಾಗ, ಅಂದರೆ ತೋಟದ ನೆರಳು ಮರಗಳ ಕೊಂಬೆ ಕಡಿಸುವಾಗ, ಹಣ್ಣಿನ ಗಿಡದ ಮೇಲೆ ಚಾಚಿದ ಕೊಂಬೆಯನ್ನೂ ತೆಗೆಸಿ.

ಇಷ್ಟೆಲ್ಲ ಓದಿಸಿದ ಮೇಲೆ ನಾದಿನಿ ಏನಂದಳು ಗೊತ್ತಾ? "ಎಲ್ಲ ಸರಿ ಅತ್ತಿಗೆ, ಆದರೂ ಆ ಅಮೆರಿಕದ್ದು ಒಂದು ಗಿಡ ಪರವಾನಗಿ ಮಾಡಿಸಿ ತರಿಸಿ ಕುಂಡದಲ್ಲಿ ಇಟ್ಟುಕೊಂಡರೆ?" ಆ ಮರದ ತಾಯಿಬೇರು ಉದ್ದ, ಕುಂಡ ಅದಕ್ಕೆ ಸಾಲುವುದಿಲ್ಲ ಅಂದೆ. ಅವಳು ಡ್ರಮ್ ಹುಡುಕುತ್ತಿದ್ದಾಳೆ.